ಕಪ್ಪು ಗ್ರಾನೈಟ್ ನಿಜಕ್ಕೂ ಗ್ರಾನೈಟೇ?

ಪ್ರಶ್ನೆ: ಹೊಸ ಮನೆಯ ಅಡುಗೆಕಟ್ಟೆಗೆ ಚಾಮರಾಜನಗರದ ಕಪ್ಪು ಗ್ರಾನೈಟ್ ಹಾಕಿಸಿದ್ದೇವೆ. ಇಲ್ಲಿನ ಬೆಟ್ಟದ ಗುಲಾಬಿ ಬಂಡೆಯೂ ಗ್ರಾನೈಟೇ ಎಂದು ಮಗಳ ಪಾಠದಲ್ಲಿದೆ. ನನ್ನ ತವರು ವಿಜಯಪುರ. ನನಗೆ ಕಟ್ಟೆಯ ಕಲ್ಲು ಅಲ್ಲಿಯ ಕರಿಕಲ್ಲಿನ ಹಾಗೇ ಕಾಣುತ್ತದೆ. ಗುರುತಿಸುವುದು ಹೇಗೆ?
– ಓದುಗರೊಬ್ಬರು, ರಾಮನಗರ

ಉತ್ತರ: ನಿಮ್ಮ ಕಣ್ಣು ಸರಿಯಾಗಿಯೇ ಹೇಳಿದೆ. ಕಟ್ಟೆಯ ಕಲ್ಲಿಗೆ ರಾಮನಗರದ ಬಂಡೆಗಿಂತ ನಿಮ್ಮ ತವರಿನ ಕಲ್ಲೇ ಹತ್ತಿರದ ನೆಂಟ. ಹೊಳಪು ಕೊಡಬಹುದಾದ ಗಟ್ಟಿ ಕಲ್ಲನ್ನೆಲ್ಲ ಅಂಗಡಿಯಲ್ಲಿ ಗ್ರಾನೈಟ್ ಎನ್ನುತ್ತಾರೆ. ನನಗಂತೂ ಈ ರೂಢಿ ಸರಿಬೀಳುವುದಿಲ್ಲ. ಮಕ್ಕಳು ಶಾಲೆಯಲ್ಲಿ ಕಲಿತದ್ದು ಅಡುಗೆಮನೆಯಲ್ಲಿ ಸುಳ್ಳಾಗುತ್ತದೆ. ನಿಮ್ಮ ಕಟ್ಟೆಯದು ಡಾಲರೈಟ್.

ಮೂರೂ ಅಗ್ನಿಶಿಲೆಗಳೇ, ಅಂದರೆ ಶಿಲಾಪಾಕ ಆರಿ ಗಟ್ಟಿಯಾದವು. ಸಕ್ಕರೆ ಪಾಕವನ್ನು ಅಲುಗಿಸದೆ ದಿನಗಟ್ಟಲೆ ಬಿಟ್ಟರೆ ಕಲ್ಲುಸಕ್ಕರೆಯ ದಪ್ಪ ಹರಳು ಕಟ್ಟುತ್ತದೆ, ಬೇಗ ಆರಿದರೆ ಹರಳು ಸಣ್ಣದು. ಕಲ್ಲಿಗೂ ಇದೇ ಲೆಕ್ಕ. ಆದ್ದರಿಂದ ಬಣ್ಣಕ್ಕಿಂತ ಮೊದಲು ಹರಳು ನೋಡಿ.

ರಾಮನಗರದ ಗ್ರಾನೈಟ್ ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಬಹಳ ನಿಧಾನವಾಗಿ ಆರಿದ್ದು. ಒಡೆದ ತುಂಡೊಂದನ್ನು ಬಿಸಿಲಿಗೆ ಹಿಡಿದು ಮೆಲ್ಲನೆ ತಿರುಗಿಸಿ. ಉಗುರಿನಗಲದ ಗುಲಾಬಿ ಹರಳೊಂದರ ಚಪ್ಪಟೆ ಮುಖ ಫಳಕ್ಕನೆ ಹೊಳೆದರೆ ಅದು ಫೆಲ್ಡ್‌ಸ್ಪಾರ್. ಬೂದುಬಣ್ಣದ ಗಾಜಿನ ಚೂರಿನಂತಿರುವುದು ಬೆಣಚುಕಲ್ಲು. ಕಪ್ಪು ಚುಕ್ಕೆಗಳನ್ನು ಸೂಜಿಯಿಂದ ಕೆದಕಿ. ಹಾಳೆಹಾಳೆಯಾಗಿ ಎದ್ದರೆ ಕಾಗೆಬಂಗಾರದ ಜಾತಿಯ ಬಯೊಟೈಟ್.

ವಿಜಯಪುರದ್ದು ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ ಹರಿದ ಲಾವಾ ಬೇಗ ಆರಿದ್ದರಿಂದ ಹರಳು ಬರಿಗಣ್ಣಿಗೆ ಕಾಣುವುದೇ ಕಷ್ಟ. ಕೆಲವು ಕಲ್ಲುಗಳಲ್ಲಿ ಅನಿಲದ ಗುಳ್ಳೆ ಬಿಟ್ಟುಹೋದ ತೂತುಗಳಿರುತ್ತವೆ. ಗೋಳಗುಮ್ಮಟ ಕಟ್ಟಿರುವುದು ಈ ಕಲ್ಲಿನಿಂದಲೇ.

ಡಾಲರೈಟ್ ಇವೆರಡರ ನಡುವಿನದು. ಬಸಾಲ್ಟಿನಂತೆಯೇ ಕಬ್ಬಿಣ, ಮೆಗ್ನೀಸಿಯಂ ಹೆಚ್ಚಿರುವ ಪಾಕ, ಆದ್ದರಿಂದಲೇ ಕಪ್ಪು. ಆದರೆ ಅದು ಮೇಲಕ್ಕೆ ಬಾರದೆ ಬಂಡೆಗಳ ಬಿರುಕಿನಲ್ಲೇ ಗೋಡೆಯಂತೆ ನಿಂತು ಆರಿತು. ಕಟ್ಟೆಯ ಮೇಲೆ ಭೂತಕನ್ನಡಿ ಹಿಡಿದರೆ ಸಣ್ಣ ಬೂದು ಕಡ್ಡಿಗಳು ಅಡ್ಡಾದಿಡ್ಡಿ ಹೆಣೆದುಕೊಂಡಿರುವುದು ಕಾಣುತ್ತದೆ. ವಯಸ್ಸಿನಲ್ಲಿ ಮಾತ್ರ ಇದು ವಿಜಯಪುರದ ಕಲ್ಲಿಗಿಂತ ಬಹಳ ಹಿರಿಯದು.

ಬೆಂಗಳೂರಿಗೆ ಬಂದಾಗ ಲಾಲ್‌ಬಾಗ್ ಬಂಡೆಯನ್ನೂ ಮಗಳಿಗೆ ತೋರಿಸಿ. ಅದನ್ನೂ ಅನೇಕರು ಗ್ರಾನೈಟ್ ಎನ್ನುತ್ತಾರೆ. ಅದರಲ್ಲಿ ಕಪ್ಪು-ಬಿಳಿ ಪಟ್ಟೆಗಳಿವೆ; ಅದು ಶಾಖ, ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿದ ನೈಸ್.

ಒಂದು ವಿನಂತಿ. ಕಲ್ಲಿನ ತುಂಡಿಗಾಗಿ ಬೆಟ್ಟದಲ್ಲಿ ಸುತ್ತಿಗೆ ಎತ್ತಬೇಡಿ. ರಾಮದೇವರಬೆಟ್ಟ ರಣಹದ್ದುಗಳ ಧಾಮ. ರಸ್ತೆ ಬದಿ ಬಿದ್ದಿರುವ ಜಲ್ಲಿಯೇ ಸಾಕು.