ಮೈಗಳ್ಳತನಕ್ಕೂ ಒಂದು ಲೆಕ್ಕ ಬೇಕು

ಪ್ರಶ್ನೆ: ಅಕ್ಕಾ, ನನಗೆ 29 ವರ್ಷ. ಅಡಿಕೆ ಮಾರಾಟದ ಒಂದು ಸಹಕಾರ ಸಂಘದಲ್ಲಿ ಗುಮಾಸ್ತ. ಹುಟ್ಟಾ ಸೋಮಾರಿ ಅಂತ ಮನೆಯಲ್ಲೂ ಆಫೀಸಿನಲ್ಲೂ ಹೆಸರಾಗಿದೆ. ದಿನಾ ಟೆಂಡರ್ ಮುಗಿದ ಮೇಲೆ 'ರಾಶಿಗೆ ಎಷ್ಟಾಯ್ತು, ಚಾಲಿಗೆ ಎಷ್ಟಾಯ್ತು' ಅಂತ ಸದಸ್ಯರ ಫೋನು ನಿಲ್ಲುವುದೇ ಇಲ್ಲ. ಸಾಕಾಗಿ ಧಾರಣೆಯನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕತೊಡಗಿದೆ. 'ಫೋನ್ ಎತ್ತೋದಕ್ಕೂ ಸೋಮಾರಿತನವಾ ನಿಂಗೆ' ಅಂತ ಮ್ಯಾನೇಜರು ಎಲ್ಲರೆದುರು ಬೈದರು. ಒಂದೇ ಲೆಕ್ಕವನ್ನು ಪುಸ್ತಕದಲ್ಲೊಮ್ಮೆ, ಕಂಪ್ಯೂಟರಿನಲ್ಲೊಮ್ಮೆ ಬರೆಯಲು ಕೈಯೇ ಏಳುವುದಿಲ್ಲ. ಸುಸ್ತಿದಾರರಿಗೆ ಫೋನ್ ಮಾಡುವ ಕೆಲಸವನ್ನಂತೂ ಮೂರು ತಿಂಗಳಿಂದ ಮುಂದೂಡುತ್ತಿದ್ದೇನೆ. ಒಗೆದ ಬಟ್ಟೆ ಮಡಿಸುವುದಿಲ್ಲ ಅಂತ ಹೆಂಡತಿಯ ದೂರು. ಆದರೆ ರಾತ್ರಿಯಿಡೀ ಯಕ್ಷಗಾನ ನೋಡಲು, ಭಾನುವಾರ ಕ್ರಿಕೆಟ್ ಆಡಲು ಯಾವ ಸೋಮಾರಿತನವೂ ಇಲ್ಲ. ಬೆಳಿಗ್ಗೆ ಐದಕ್ಕೆ ಏಳಬೇಕೆನ್ನುವ ವಿಡಿಯೊಗಳನ್ನೆಲ್ಲ ನೋಡಿದೆ. ನಾಲ್ಕು ದಿನವೂ ನಡೆಯಲಿಲ್ಲ. ನಾನು ಸರಿಹೋಗುವುದು ಹೇಗೆ?
– ಹೆಸರು ಬೇಡ, ಸಾಗರ ತಾಲ್ಲೂಕು

ಉತ್ತರ: ಐದಕ್ಕೆ ಏಳುವ ವಿಚಾರ ಇಲ್ಲಿಗೇ ಬಿಡಿ. ಏಳಕ್ಕೆ ಎದ್ದಾಗ ಬೇಸರ ತರಿಸುವ ಕೆಲಸ ಐದಕ್ಕೆ ಎದ್ದರೂ ಬೇಸರವೇ. ಬೇಸರಪಡಲು ಎರಡು ಗಂಟೆ ಹೆಚ್ಚು ಸಿಗುತ್ತದೆ, ಅಷ್ಟೆ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸೋಮಾರಿ ಎಂಬ ಒಂದೇ ಹಣೆಪಟ್ಟಿಯ ಹಿಂದೆ ಮೂರು ಬೇರೆ ಬೇರೆ ಸಂಗತಿಗಳಿವೆ. ಧಾರಣೆಯ ಫೋನು ಮತ್ತು ಎರಡೆರಡು ಸಲ ಬರೆಯುವ ಲೆಕ್ಕ ಒಂದು ಜಾತಿಯವು. ಸುಸ್ತಿದಾರರ ಫೋನು ಇನ್ನೊಂದು ಜಾತಿ. ಬಟ್ಟೆಯದು ಮೂರನೆಯದು.

ಮೊದಲನೆಯದರಲ್ಲಿ ನಾನು ಪೂರ್ತಿ ನಿಮ್ಮ ಪಕ್ಷ. 1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಹಲವರಿಗೆ ಸೇರಿ ಒಂದೇ ಕಾಫಿ ಪಾತ್ರೆ ಇತ್ತು. ದೂರದ ಕೋಣೆಗಳಿಂದ ಎದ್ದು ಬಂದವರಿಗೆ ಎಷ್ಟೋ ಸಲ ಖಾಲಿ ಪಾತ್ರೆಯ ದರ್ಶನ. ಅಲ್ಲಿನವರು ಪಾತ್ರೆಯ ಎದುರು ಒಂದು ಕ್ಯಾಮೆರಾ ನಿಲ್ಲಿಸಿ, ಕಾಫಿ ಇದೆಯೋ ಇಲ್ಲವೋ ಎಂಬುದು ಕೂತಲ್ಲೇ ಪರದೆಯ ಮೇಲೆ ಕಾಣುವಂತೆ ಮಾಡಿದರು. 1993ರಲ್ಲಿ ಆ ಚಿತ್ರ ಅಂತರ್ಜಾಲಕ್ಕೂ ಬಂತು. ಜಗತ್ತಿನ ಮೊದಲ ವೆಬ್‌ಕ್ಯಾಮ್ ಎಂದು ಇವತ್ತಿಗೂ ಹೆಸರು ಪಡೆದಿರುವುದು ಅದೇ. ಎದ್ದು ಹೋಗಿ ನೋಡಲು ಬೇಸರಪಟ್ಟವರ ಸಾಧನೆ! ಒಬ್ಬೊಬ್ಬರಿಗೂ ಹೇಳಬೇಕಾದ್ದನ್ನು ಎಲ್ಲರ ಕಣ್ಣಿಗೆ ಬೀಳುವಲ್ಲಿ ಇಟ್ಟ ನೀವು ಮಾಡಿದ್ದೂ ಅದನ್ನೇ.

ಆದರೆ ನಿಮ್ಮ ಮ್ಯಾನೇಜರರ ಸಿಟ್ಟಿನಲ್ಲೂ ಹುರುಳಿದೆ. ಸ್ಟೇಟಸ್ ಕಾಣುವುದು ನಿಮ್ಮ ನಂಬರು ಉಳಿಸಿಕೊಂಡವರಿಗೆ ಮಾತ್ರ. ಕೀಪ್ಯಾಡ್ ಫೋನಿನ ಹಿರಿಯರಿಗೆ ಅದೂ ಇಲ್ಲ. ಅಲ್ಲಿಗೆ ನಿಮ್ಮ ಕೆಲಸ ಕಡಿಮೆಯಾಯಿತು, ಅವರ ಕೆಲಸ ಹೆಚ್ಚಾಯಿತು. ಸಂಘದ ಹೆಸರಿನಲ್ಲೇ ಒಂದು ವಾಟ್ಸಾಪ್ ಗುಂಪು ಮಾಡಿ, ಅದರಲ್ಲಿ ಅಡ್ಮಿನ್ ಮಾತ್ರ ಬರೆಯುವಂತಿರಲಿ. ಇಲ್ಲದಿದ್ದರೆ ಶುಭೋದಯದ ಹೂಗಳ ನಡುವೆ ಚಾಲಿಯ ಧಾರಣೆ ಹುಡುಕಬೇಕಾದೀತು. ಕಟ್ಟಡದ ಹೊರಗೊಂದು ಬೋರ್ಡು ಬರೆಯಿರಿ. ಅದಾದ ಮೇಲೂ ಬರುವ ಫೋನುಗಳನ್ನು ಎತ್ತಿ, ಸಮಾಧಾನದಿಂದ ಮಾತಾಡಿ. ಆಗ ಬರುವುದು ನಿಜಕ್ಕೂ ಬೇಕಾದವರ ಫೋನು.

ಎರಡೆರಡು ಸಲ ಬರೆಯುವುದರ ಬಗ್ಗೆ ಹೇಳುವಾಗ ನನಗೆ ಫ್ರಾಂಕ್ ಗಿಲ್ಬ್ರೆತ್ ನೆನಪಾಗುತ್ತಾನೆ. 1885ರಲ್ಲಿ, ಹದಿನೇಳರ ಪ್ರಾಯದಲ್ಲಿ, ಅಮೆರಿಕದಲ್ಲಿ ಗಾರೆ ಕೆಲಸ ಕಲಿಯಲು ಸೇರಿದ ಹುಡುಗ. ಒಬ್ಬೊಬ್ಬ ಮೇಸ್ತ್ರಿ ಒಂದೊಂದು ರೀತಿಯಲ್ಲಿ ಇಟ್ಟಿಗೆ ಇಡುವುದನ್ನು ಕಂಡು ಅವರ ಕೈ, ಕಾಲು, ಬೆನ್ನು ನೋಡುತ್ತ ಹೋದ. ನೆಲದ ಮೇಲೆ ಬಿದ್ದಿದ್ದ ಇಟ್ಟಿಗೆಗಾಗಿ ಮೇಸ್ತ್ರಿ ಪ್ರತಿ ಸಲ ಬಗ್ಗಿ ಏಳಬೇಕಿತ್ತು. ಅಂದರೆ ಒಂದೊಂದು ಇಟ್ಟಿಗೆಯ ಜೊತೆಗೆ ತನ್ನ ಇಡೀ ಮೈಭಾರವನ್ನೂ ಎತ್ತುತ್ತಿದ್ದ! ಗಿಲ್ಬ್ರೆತ್ ಮುಂದೆ, ಗೋಡೆ ಏರಿದಂತೆ ಏರಿಸಬಹುದಾದ ಅಟ್ಟಣಿಗೆ ಮಾಡಿಸಿ ಇಟ್ಟಿಗೆ ಸೊಂಟದೆತ್ತರಕ್ಕೆ ಸಿಗುವಂತೆ ಮಾಡಿದ. ಒಳ್ಳೆಯ ಮುಖ ಹೊರಗೆ ಬರುವಂತೆ ಇಟ್ಟಿಗೆಗಳನ್ನು ಮೊದಲೇ ಜೋಡಿಸಿಡಲು ಸಹಾಯಕನನ್ನಿಟ್ಟ. ಇಟ್ಟಿಗೆಯೊಂದಕ್ಕೆ 18 ಚಲನೆಗಳಿದ್ದದ್ದು 5ಕ್ಕೆ ಇಳಿಯಿತು. ಗಂಟೆಗೆ ಸುಮಾರು 120 ಇಟ್ಟಿಗೆ ಇಡುತ್ತಿದ್ದ ಜಾಗದಲ್ಲಿ 350 ಇಟ್ಟರೆಂದು 1911ರಲ್ಲಿ ಎಂಜಿನಿಯರ್ ಫ್ರೆಡರಿಕ್ ಟೇಲರ್ ಬರೆದಿದ್ದಾನೆ. ಯಾರಿಗೂ ಬೇಗ ಬೇಗ ಕೈ ಆಡಿಸು ಎಂದು ಗದರಬೇಕಾಗಲಿಲ್ಲ.

ನಿಮ್ಮ ಮೇಜಿನ ಮುಂದೆ ನೀವು ಬಗ್ಗುವುದೆಲ್ಲಿ? ಒಂದು ವಾರ ಕೈಗೆ ಬೇಸರ ಬಂದಾಗಲೆಲ್ಲ ಕ್ಯಾಲೆಂಡರಿನ ಹಿಂಬದಿ ಒಂದು ಗೀಟು ಎಳೆದು, ಪಕ್ಕದಲ್ಲಿ ಯಾವ ಕೆಲಸವೆಂದು ಬರೆಯಿರಿ. ನನ್ನ ಊಹೆ ಕೇಳಿದರೆ, ಸದಸ್ಯರ ಪಟ್ಟಿಯನ್ನು ಯಾರೋ ಹಳೆಯ ನುಡಿ ಅಕ್ಷರದಲ್ಲಿ ಬೆರಳಚ್ಚು ಮಾಡಿಟ್ಟಿದ್ದಾರೆ. ಫಾಂಟ್ ಬದಲಾದರೆ ಅರ್ಥವಿಲ್ಲದ ಇಂಗ್ಲಿಷ್ ಗೀಚು ಕಾಣುತ್ತದೆ. ಯುನಿಕೋಡ್‌ನಲ್ಲಿ ಹುಡುಕಿದರೆ ಒಂದು ಹೆಸರೂ ಸಿಗುವುದಿಲ್ಲ. ಅದಕ್ಕೇ ಪ್ರತಿ ಸಲ ಹೆಸರು, ಊರು, ಖಾತೆ ಸಂಖ್ಯೆ ಮತ್ತೆ ಬರೆಯುತ್ತಿದ್ದೀರಿ. ಒಂದು ಶನಿವಾರ ಕೂತು ಪಟ್ಟಿಯನ್ನು ಯುನಿಕೋಡ್‌ಗೆ ಬದಲಿಸಿಬಿಡಿ. ಆಮೇಲೆ ಖಾತೆ ಸಂಖ್ಯೆ ಹೊಡೆದರೆ ಹೆಸರು ತಾನೇ ಬರುವಂತೆ ಎಕ್ಸೆಲ್‌ನಲ್ಲಿ ವೀಲುಕಪ್ ಸೂತ್ರ ಹಾಕಿಕೊಳ್ಳಿ.

ಇದಕ್ಕೆ ಇಡೀ ದಿನ ವ್ಯರ್ಥವೆನಿಸಿದರೆ ಲೆಕ್ಕ ಹಾಕಿ: ದಿನಕ್ಕೆ ಐದು ನಿಮಿಷ ಉಳಿದರೆ 300 ಕೆಲಸದ ದಿನಗಳಿಗೆ 1,500 ನಿಮಿಷ, ಅಂದರೆ 25 ಗಂಟೆ. ವರ್ಷಕ್ಕೊಮ್ಮೆ ಬರುವ ಸರ್ವಸದಸ್ಯರ ಸಭೆಯ ಕಾರ್ಡಿಗೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ, ಕೈಯಲ್ಲೇ ಬರೆದು ಮುಗಿಸಿ. ಮೈಗಳ್ಳನಿಗೆ ದುಪ್ಪಟ್ಟು ಕೆಲಸ ಅಂತ ಹಿರಿಯರು ಹೇಳುವುದು ಈ ಲೆಕ್ಕ ತಪ್ಪಿದವರಿಗೇ. ಪುಸ್ತಕ ಬರೆಯುವುದನ್ನು ಮಾತ್ರ ನಿಮ್ಮಷ್ಟಕ್ಕೇ ನಿಲ್ಲಿಸಬೇಡಿ. ಕಂಪ್ಯೂಟರಿನಿಂದ ದಿನದ ಲೆಕ್ಕ ಮುದ್ರಿಸಿ ಸಹಿ ಹಾಕಿಸಿ ಇಟ್ಟರೆ ನಡೆಯುತ್ತದೆಯೇ ಎಂದು ಆಡಿಟಿಗೆ ಬಂದವರನ್ನು ಮೊದಲು ಕೇಳಿ.

ಈಗ ಸುಸ್ತಿದಾರರ ವಿಷಯ. ಇಲ್ಲಿ ನಿಮಗೆ ಸೋಮಾರಿತನವಿಲ್ಲ, ಸಂಕೋಚವಿದೆ. ಅವರ ಮನೆಯ ಮದುವೆಯಲ್ಲಿ ಉಂಡಿದ್ದೀರಿ. ಎಲೆಚುಕ್ಕೆ ರೋಗಕ್ಕೆ ಅವರ ತೋಟ ಸೊರಗಿದ್ದನ್ನು ಕಂಡಿದ್ದೀರಿ. 'ಸಾಲ ಕಟ್ಟಿ' ಅನ್ನಲು ನಾಲಿಗೆ ಏಳುವುದಿಲ್ಲ. ಇದಕ್ಕೆ ಕೆಲಸ ಉಳಿಸುವ ಯಾವ ಉಪಾಯವೂ ನಾಟುವುದಿಲ್ಲ. ಉಪಾಯ ಹುಡುಕುವುದೇ ಮುಂದೂಡುವ ಹೊಸ ದಾರಿಯಾಗುತ್ತದೆ. ಪಟ್ಟಿಗೆ ಬಣ್ಣ ತುಂಬುತ್ತ ಇನ್ನೊಂದು ತಿಂಗಳು ಕಳೆಯುತ್ತೀರಿ. ನೋಟಿಸು ಮುದ್ರಿಸಲು ಬೇಕಾದರೆ ಮೇಲ್ ಮರ್ಜ್ ಬಳಸಿ. ಫೋನನ್ನು ನೀವೇ ಮಾಡಬೇಕು. ಟೆಂಡರಿನ ಗದ್ದಲ ಶುರುವಾಗುವ ಮೊದಲು ದಿನಕ್ಕೆ ಇಬ್ಬರಿಗೆ ಸಾಕು. 'ತೋಟ ಹೇಗಿದೆ ಭಾವ, ಈ ಕೊಯ್ಲಿಗೆ ಎಷ್ಟು ಕಟ್ಟಬಹುದು, ಯಾವಾಗ?' ಎಂದು ಕೇಳಿ, ಅವರು ಹೇಳಿದ ದಿನಾಂಕ ಬರೆದುಕೊಳ್ಳಿ. ಬೈದರೆ ಬೈಸಿಕೊಳ್ಳಿ.

ಬಟ್ಟೆಗೆ ಹೆಚ್ಚು ಮಾತು ಬೇಡ. ನೀವು ಮಡಿಸದೇ ಬಿಟ್ಟದ್ದನ್ನು ಹೆಂಡತಿ ಮಡಿಸುತ್ತಿದ್ದರೆ ಶ್ರಮ ಎಲ್ಲೂ ಉಳಿಯಲಿಲ್ಲ, ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿತು. ನಿಮ್ಮ ಕಡೆ ಮಳೆಗಾಲದಲ್ಲಿ ಹೇಗೂ ಒಳಗೇ ಒಣಗಿಸುತ್ತೀರಿ. ಅಂಗಿಗಳನ್ನು ಹ್ಯಾಂಗರಿನಲ್ಲೇ ಒಣಹಾಕಿ, ಹಾಗೇ ಬೀರುವಿಗೆ ಸಾಗಿಸಿ. ಲುಂಗಿ, ಟವೆಲು ನೀವೇ ಮಡಿಸಿ.

ಒಂದು ಮಾತು ಬೇರೆ ಓದುಗರಿಗಾಗಿ. ಯಕ್ಷಗಾನ, ಕ್ರಿಕೆಟ್ಟಿನ ಹುರುಪು ನೋಡಿದರೆ ಈ ಪತ್ರ ಬರೆದವರು ಆರೋಗ್ಯವಾಗಿದ್ದಾರೆ. ಆದರೆ ಇಷ್ಟವಾದದ್ದೂ ಬೇಡವೆನಿಸಿ, ನಿದ್ದೆ ಊಟ ಏರುಪೇರಾಗಿ ಎರಡು ವಾರ ದಾಟಿದ್ದರೆ ಅದನ್ನು ಸೋಮಾರಿತನವೆಂದು ಬೈದುಕೊಳ್ಳಬೇಡಿ. ಖಿನ್ನತೆ, ಥೈರಾಯ್ಡ್, ರಕ್ತಹೀನತೆ ಯಾವುದೂ ಇರಬಹುದು, ವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ಮ್ಯಾನೇಜರು. ಸಂಜೆ ಆರರ ಕೆಲಸ ನಾಲ್ಕಕ್ಕೇ ಮುಗಿಯತೊಡಗಿದಾಗ ಅದನ್ನು ಮೊದಲ ದಿನವೇ ಸಾರಿಕೊಂಡು ಬರಬೇಡಿ. ಪಕ್ಕದ ಮೇಜಿನ ಕಡತಗಳೆಲ್ಲ ನಿಮ್ಮ ಮೇಜಿಗೆ ಬರುತ್ತವೆ. ಒಂದು ತಿಂಗಳು ತಪ್ಪಿಲ್ಲದ ಲೆಕ್ಕ ಕೊಡಿ. ಆಮೇಲೆ ವಸೂಲಾತಿಯ ಪಟ್ಟಿಯನ್ನು ಅವರ ಮುಂದಿಟ್ಟು, ಉಳಿದ ಎರಡು ಗಂಟೆಯಲ್ಲಿ ಸುಸ್ತಿದಾರರ ಮನೆಗೆ ಹೋಗಿಬರಲು ಸಂಘದ ಬೈಕು ಸಿಗುತ್ತದೆಯೇ ಎಂದು ಕೇಳಿ.