ಗೋಡೆ ಮುಚ್ಚೋ ಮೊದಲು: ಗಾಡಿಯೊಳಗೆ ವಿಡಿಯೋ ಕೇಬಲ್ ಎಳೆಯೋ ಪಾಠ

ನಮ್ಮೂರು ಬನಹಟ್ಟಿ. ಬಾಗಲಕೋಟೆ ಜಿಲ್ಲೆ, ಪವರ್‌ಲೂಮ್ ಸದ್ದಿನ ಊರು. ನಮ್ಮ ಕಡೆಯಿಂದ ಪ್ರತಿ ವರ್ಷ ಯುಗಾದಿಗೆ ಮುಂಚೆ ಬಹಳ ಜನ ಶ್ರೀಶೈಲದ ಮಲ್ಲಯ್ಯನ ದರ್ಶನಕ್ಕೆ ನಡೆದುಕೊಂಡೇ ಹೋಗ್ತಾರೆ. ಕಂಬಿ ಹೊತ್ತವರ ಜೊತೆ ಅಡುಗೆ ಸಾಮಾನು, ಹಾಸಿಗೆ, ನೀರಿನ ಡ್ರಮ್ ತುಂಬಿದ ಗಾಡಿಗಳೂ ಹೋಗ್ತವೆ. ಅಮೆರಿಕದಲ್ಲಿ ಇಂಥ ಮನೆಯಂಥ ಗಾಡಿಗೆ ಆರ್‌ವಿ ಅಂತಾರೆ, ಅದರಲ್ಲಿ ರಜೆ ಕಳೀತಾರೆ. ನಮ್ಮಲ್ಲಿ ಅದೇ ಕೆಲಸ ಮಾಮಾನ ಹಳೇ ಟ್ರಾವೆಲರ್ ಮಾಡತ್ತೆ. ಹಿಂದಿನ ಸೀಟು ತೆಗೆದು ಮಲಗೋ ಜಾಗ ಮಾಡಿಸಿದ್ದಾರೆ. (ಹೀಗೆ ಮಾಡಿಸೋಕೆ ಮೊದಲು ಆರ್‌ಟಿಒ ಒಪ್ಪಿಗೆ ಬೇಕು, ಅದನ್ನ ತಗೊಂಡೇ ಮಾಡಿಸಿದ್ದು.)

ಫಸ್ಟ್ ಇಯರ್ ಮುಗಿಸಿ ರಜೆಗೆ ಹೋದಾಗ ಮಾಮಾ ನನಗೆ ಎರಡು ಕೆಲಸ ಹೇಳಿದ್ರು. "ಅಳಿಯಾ, ನೀ ಎಲೆಕ್ಟ್ರಾನಿಕ್ಸ್ ಓದಾಕತ್ತೀಯಲ್ಲ, ಹಿರ್ಯಾರಿಗೆ ರಾತ್ರಿ ನೋಡಾಕ ಒಂದು ಟಿವಿ ಕುಂದರಸು. ಮತ್ತ ಹಿಂದ ಒಂದು ಕ್ಯಾಮೆರಾ ಹಾಕು. ವಸ್ತಿ ಇದ್ದಲ್ಲಿ ಗಾಡಿ ಹಿಂದನ ಮಂದಿ ಮಲಗಿರ್ತಾರ, ರಿವರ್ಸ್ ತಗೋಳಾಕ ಅಂಜಿಕಿ ಬರ್ತದ."

ಕ್ಯಾಮೆರಾದಿಂದ ಡ್ಯಾಶ್‌ಬೋರ್ಡ್‌ವರೆಗೆ, ಪ್ಲೇಯರ್‌ನಿಂದ ಟಿವಿವರೆಗೆ, ಎರಡು ಕೇಬಲ್. ಒಂದೊಂದು ಸುಮಾರು 7 ಮೀಟರ್. ಹೊರಗೆ ಜೋತಾಡೋದು ಬೇಡ, ಗೋಡೆಯೊಳಗೆ ಹೋಗ್ಲಿ ಅಂದ್ರು. ನಾನೂ ಒಂದೇ ದಿನದ ಕೆಲಸ ಅಂದ್ಕೊಂಡೆ.

ಮೊದಲ ಸಲ ಏನಾಯ್ತು

ಗಾಡಿಯ ಗೋಡೆ ಅಂದ್ರೆ ಮನೆ ಗೋಡೆ ಅಲ್ಲ. ಹೊರಗೆ ತಗಡು, ಅದಕ್ಕೆ ಬಲ ಕೊಡೋ ತಗಡಿನ ಕಂಬಗಳು, ನಡುವೆ ಟೊಳ್ಳು ಜಾಗ, ಒಳಗಡೆ ಪ್ಲೈವುಡ್. ನಾನು ಪ್ಲೈವುಡ್ ಬಿಚ್ಚಿ, ಆ ಟೊಳ್ಳಿನಲ್ಲಿ ಕೇಬಲ್ ಹಾಗೇ ಇಳಿಬಿಟ್ಟು, ಮತ್ತೆ ಸ್ಕ್ರೂ ಹೊಡೆದೆ. ಸ್ಕ್ರೀನ್ ಹಾಕಿದ್ರೆ ಚಿತ್ರ ಚೆನ್ನಾಗಿ ಬಂತು. ಎಲ್ಲರೂ ಬಂದು ನೋಡಿದ್ರು.

ಒಂದು ವಾರ ಮಾಮಾ ಸ್ಕ್ರೀನ್ ನೋಡಿಯೇ ರಿವರ್ಸ್ ತಗೊಂಡ್ರು. ಮೊದಲೆಲ್ಲ ಕ್ಲೀನರ್ ಹುಡುಗ ಹಿಂದೆ ನಿಂತು "ಬರ್ಲಿ, ಬರ್ಲಿ" ಅಂತಿದ್ದ. ಕ್ಯಾಮೆರಾ ಬಂದ ಮೇಲೆ ಅವನು ಇಳಿಯೋದೇ ಬಿಟ್ಟ. ಒಂದು ಬೆಳಿಗ್ಗೆ ಜಮಖಂಡಿ ಕಡೆ ಹೋಗಿ ಬಂದು ನಮ್ಮ ಓಣಿಗೆ ರಿವರ್ಸ್ ತಗೋವಾಗ ಸ್ಕ್ರೀನ್ ನೀಲಿ ಆಯ್ತು. ಎರಡು ಸೆಕೆಂಡ್‌ನಲ್ಲಿ ಬರತ್ತೆ ಅಂತ ಮಾಮಾ ಹಾಗೇ ಹಿಂದೆ ತಗೊಂಡ್ರು. ಯಾರೋ ಗಾಡಿಗೆ ಪಟಪಟ ಬಡಿದು "ನಿಲ್ಲಸ್ರೀ!" ಅಂತ ಕೂಗಿದ್ರು. ಹಿಂದೆ ಪಕ್ಕದ ಮನೆ ಅಜ್ಜಿ ಕಾಳು ಹಸನು ಮಾಡ್ತಾ ಕೂತಿದ್ರು. ಏನೂ ಆಗಲಿಲ್ಲ. ಆದ್ರೆ ನನ್ನ ಕೈ ನಡುಗ್ತಾ ಇತ್ತು.

ಮಾಮಾ ಬೈಲಿಲ್ಲ. ಇಷ್ಟೇ ಹೇಳಿದ್ರು: "ಟಿವಿ ಕೆಟ್ರ ನಡೀತದ. ಇದು ಕೆಟ್ರ ನಡ್ಯಾಂಗಿಲ್ಲ."

ತಪ್ಪು ಹುಡುಕಿದ್ದು

ಕ್ಯಾಮೆರಾ ಕೇಬಲ್ ಕೊಆಕ್ಸಿಯಲ್. ನಡುವೆ ಒಂದು ತಂತಿ, ಸುತ್ತ ಹೆಣೆದ ಜಾಲರಿ. ಸಿಗ್ನಲ್ ನಡುವಿನ ತಂತಿಯಲ್ಲಿ ಹೋಗತ್ತೆ, ಜಾಲರಿಯಲ್ಲಿ ವಾಪಸ್ ಬರತ್ತೆ. ಎರಡೂ ಒಂದಕ್ಕೊಂದು ತಾಗಿದ್ರೆ ಚಿತ್ರ ಇಲ್ಲ.

ಕೇಬಲ್‌ನ ಎರಡೂ ತುದಿ ಬಿಚ್ಚಿ, ಮಲ್ಟಿಮೀಟರನ್ನ ಬೀಪ್ ಮೋಡ್‌ನಲ್ಲಿಟ್ಟು ನಡುವಿನ ತಂತಿಗೂ ಜಾಲರಿಗೂ ಹಿಡಿದೆ. ಸದ್ದಿಲ್ಲ. ಅಂದ್ರೆ ಕೇಬಲ್ ಸರಿ ಇದೆ? ಇಲ್ಲ. ತಮ್ಮನಿಗೆ ಗೋಡೆಯನ್ನ ಹಿಂದಿನಿಂದ ಮುಂದಕ್ಕೆ ಅಂಗೈಯಿಂದ ಬಡೀತಾ ಬಾ ಅಂದೆ. ಮೂರನೇ ಕಂಬದ ಹತ್ತಿರ ಬಡಿದಾಗ ಬೀಪ್. ಪ್ಲೈವುಡ್ ತೆಗೆದು ನೋಡಿದ್ರೆ, ನಾನೇ ಹೊಡೆದ ಸ್ಕ್ರೂವಿನ ಮೊನೆ ಕೇಬಲ್‌ನ ಸಿಪ್ಪೆ ಸೀಳಿ ಒಳಗೆ ಹೋಗಿತ್ತು. ಗಾಡಿ ನಿಂತಾಗ ತಾಗ್ತಿರಲಿಲ್ಲ, ರಸ್ತೆಯಲ್ಲಿ ಕುಲುಕಿದಾಗ ತಾಗ್ತಿತ್ತು.

ಲ್ಯಾಬ್‌ನಲ್ಲಿ ಇದಕ್ಕೆ ಇನ್ನೂ ಒಳ್ಳೆ ದಾರಿ ಇದೆ. ಕೇಬಲ್‌ಗೆ ಒಂದು ಸಣ್ಣ ಪಲ್ಸ್ ಕೊಟ್ರೆ, ಕೆಟ್ಟ ಜಾಗದಿಂದ ಅದು ಪ್ರತಿಫಲಿಸಿ ವಾಪಸ್ ಬರತ್ತೆ. ಇಂಥ ಕೇಬಲ್‌ನಲ್ಲಿ ಸಿಗ್ನಲ್ ಒಂದು ನ್ಯಾನೋಸೆಕೆಂಡ್‌ಗೆ ಸುಮಾರು 20 ಸೆಂ.ಮೀ. ಹೋಗತ್ತೆ. 20 ನ್ಯಾನೋಸೆಕೆಂಡ್‌ಗೆ ವಾಪಸ್ ಬಂದ್ರೆ, ಹೋಗಿ ಬಂದ ದೂರ 4 ಮೀಟರ್, ಅಂದ್ರೆ ತಪ್ಪು ಇರೋದು 2 ಮೀಟರ್ ದೂರದಲ್ಲಿ. ಟ್ರಾನ್ಸ್‌ಮಿಷನ್ ಲೈನ್ ಚಾಪ್ಟರ್ ಯಾಕೆ ಓದಬೇಕು ಅಂತ ಕೇಳೋರಿಗೆ ಇದು ಉತ್ತರ.

ಎಚ್‌ಡಿಎಂಐ ಯಾಕೆ ಇನ್ನೂ ನಾಜೂಕು

1080ಪಿ ಚಿತ್ರ ಸೆಕೆಂಡಿಗೆ 60 ಸಲ ಬರಬೇಕಾದ್ರೆ, ಖಾಲಿ ಅಂಚು ಸೇರಿ 2200 × 1125 × 60, ಅಂದ್ರೆ 14.85 ಕೋಟಿ ಪಿಕ್ಸೆಲ್. ಕೆಂಪು, ಹಸಿರು, ನೀಲಿಗೆ ಒಂದೊಂದು ಜೋಡಿ ತಂತಿ. ಪ್ರತಿ ಪಿಕ್ಸೆಲ್‌ಗೆ ಪ್ರತಿ ಜೋಡಿಯಲ್ಲಿ 10 ಬಿಟ್. ಹಾಗಾಗಿ ಒಂದು ಜೋಡಿಯಲ್ಲಿ ಸೆಕೆಂಡಿಗೆ 148.5 ಕೋಟಿ ಬಿಟ್. ಒಂದು ಬಿಟ್‌ನ ಆಯುಷ್ಯ 0.67 ನ್ಯಾನೋಸೆಕೆಂಡ್, ಕೇಬಲ್ ಮೇಲೆ ಅದರ ಉದ್ದ ಸುಮಾರು 13 ಸೆಂ.ಮೀ. ನಮ್ಮ 7 ಮೀಟರ್ ಕೇಬಲ್‌ನ ಒಂದು ಜೋಡಿಯೊಳಗೆ ಯಾವಾಗ ನೋಡಿದ್ರೂ ಸುಮಾರು 50 ಬಿಟ್ ಸಾಲಾಗಿ ಓಡ್ತಾ ಇರ್ತವೆ.

ಈ ಜೋಡಿ ತಂತಿಗಳ ನಡುವಿನ ಅಂತರ ಎಲ್ಲಾ ಕಡೆ ಒಂದೇ ಇರಬೇಕು. ಆಗ ಇಂಪಿಡೆನ್ಸ್ 100 ಓಮ್ ಹತ್ತಿರ ನಿಲ್ಲತ್ತೆ. ಕೇಬಲನ್ನ ಮೂಲೆಯಲ್ಲಿ ಮಡಚಿದ್ರೆ, ಕ್ಲಿಪ್ ಹಾಕಿ ಜಜ್ಜಿದ್ರೆ ಆ ಜಾಗದಲ್ಲಿ ಅಂತರ ಬದಲಾಗತ್ತೆ, ಸಿಗ್ನಲ್ ಒಂದಿಷ್ಟು ಹಿಂದಕ್ಕೆ ಹೋಗತ್ತೆ. ಅನಲಾಗ್ ಆಗಿದ್ರೆ ಚಿತ್ರ ನಿಧಾನಕ್ಕೆ ಹದಗೆಡತ್ತೆ, ನಮಗೆ ಮುನ್ಸೂಚನೆ ಸಿಗತ್ತೆ. ಎಚ್‌ಡಿಎಂಐನಲ್ಲಿ ಚಿತ್ರ ಪೂರ್ತಿ ಚೆನ್ನಾಗೇ ಇರತ್ತೆ, ಒಂದು ಹಂತ ದಾಟಿದ ಕೂಡಲೇ ಚುಕ್ಕಿ ಬರತ್ತೆ ಇಲ್ಲಾ ಪೂರ್ತಿ ಹೋಗತ್ತೆ. ಅದಕ್ಕೇ "ಇವತ್ತು ಚಿತ್ರ ಬಂತು" ಅನ್ನೋದು ಕೇಬಲ್ ಸರಿ ಇದೆ ಅನ್ನೋದಕ್ಕೆ ಸಾಕ್ಷಿ ಅಲ್ಲ.

ಎರಡನೇ ಸಲ ಹೇಗೆ ಮಾಡಿದ್ವಿ

*ಪೈಪ್.* ಕೇಬಲ್ ಬರೀ ಟೊಳ್ಳಿನಲ್ಲಿ ಇರಬಾರದು. ಪ್ಲಾಸ್ಟಿಕ್ ಪೈಪ್ ಒಳಗೆ ಹಾಕಿದ್ವಿ. ಎಚ್‌ಡಿಎಂಐನ ತಲೆ ಸುಮಾರು 20 ಮಿ.ಮೀ. ಅಗಲ ಇರೋದ್ರಿಂದ ಅದಕ್ಕೆ 25 ಮಿ.ಮೀ. ಪೈಪ್‌ನಲ್ಲೂ ನೇರ ದಾರಿ ಮಾತ್ರ ಸಲೀಸು. ತಿರುವು ಬಂದಲ್ಲಿ ಪೈಪ್ ನಿಲ್ಲಿಸಿ, ತೆಗೆಯೋಕೆ ಬರೋ ಮುಚ್ಚಳ ಇಟ್ವಿ. ಪೈಪ್ ಎಲ್ಲಿದೆ ಅಂತ ಪ್ಲೈವುಡ್ ಮೇಲೆ ಚಾಕ್‌ನಿಂದ ಗೆರೆ ಎಳೆದು, ಆಮೇಲೆ ಸ್ಕ್ರೂ.

*ಥರ್ಮಾಕೋಲ್ ದೂರ.* ಬಿಸಿಲಿಗೆ ಅಂತ ಮಾಮಾ ಗೋಡೆಯಲ್ಲಿ ಥರ್ಮಾಕೋಲ್ ತುಂಬಿಸಿದ್ರು. ಪಿವಿಸಿ ಕೇಬಲ್ ಸಿಪ್ಪೆಯನ್ನ ಮೆತ್ತಗೆ ಇಡೋ ರಾಸಾಯನಿಕ ನಿಧಾನಕ್ಕೆ ಥರ್ಮಾಕೋಲ್‌ಗೆ ಇಳಿಯತ್ತೆ. ಥರ್ಮಾಕೋಲ್ ಕರಗತ್ತೆ, ಕೇಬಲ್ ಸಿಪ್ಪೆ ಗಡುಸಾಗಿ ಬಿರುಕು ಬಿಡತ್ತೆ. ಎರಡೂ ಮುಟ್ಟದ ಹಾಗೆ ನೋಡ್ಕೊಳ್ಳಿ.

*ರಬ್ಬರ್ ಉಂಗುರ.* ತಗಡಿನ ಕಂಬದಲ್ಲಿ ತೂತು ಕೊರೆದರೆ ಅದರ ಅಂಚು ಚಾಕು ಇದ್ದ ಹಾಗೆ. ಗಾಡಿ ಓಡೋವಾಗ ಕೇಬಲ್ ಅಲ್ಲಿ ದಿನಾ ಉಜ್ಜತ್ತೆ. ಅಂಚನ್ನ ಫೈಲ್‌ನಿಂದ ಉಜ್ಜಿ, ಪ್ರತಿ ತೂತಿಗೂ ರಬ್ಬರ್ ಗ್ರೋಮೆಟ್ ಹಾಕಿ.

*ತಿರುವು.* ಕೇಬಲ್ ದಪ್ಪದ 10 ಪಟ್ಟಿಗಿಂತ ಸಣ್ಣ ತ್ರಿಜ್ಯದಲ್ಲಿ ಬಗ್ಗಿಸಲ್ಲ ಅಂತ ನಾವು ಲೆಕ್ಕ ಇಟ್ಕೊಂಡ್ವಿ. ಹಿಂದಿನ ಬಾಗಿಲಿನ ಹತ್ತಿರ ಕೇಬಲ್ ಸ್ವಲ್ಪ ಸಡಿಲ ಬಿಟ್ಟು, ರಬ್ಬರ್ ತೋಳು ಹಾಕಿದ್ವಿ. ಇಲ್ಲದಿದ್ರೆ ಬಾಗಿಲು ತೆರೆದು ಮುಚ್ಚಿ ತಂತಿ ಒಳಗೊಳಗೇ ತುಂಡಾಗತ್ತೆ.

*ಕರೆಂಟ್ ಬೇರೆ ಗೋಡೆ.* ವಿಡಿಯೋ ಎಡಕ್ಕೆ, 12 ವೋಲ್ಟ್ ಬಲಕ್ಕೆ. ಟಿವಿ 40 ವ್ಯಾಟ್ ಅಂದ್ರೆ 3.3 ಆಂಪಿಯರ್. ಹೋಗಿ ಬರೋ ದಾರಿ 14 ಮೀಟರ್. 1.5 ಚದರ ಮಿ.ಮೀ. ತಂತಿಯಲ್ಲಿ ಸುಮಾರು 0.6 ವೋಲ್ಟ್ ದಾರಿಯಲ್ಲೇ ಹೋಗತ್ತೆ, 2.5ರಲ್ಲಿ 0.4ಕ್ಕಿಂತ ಕಮ್ಮಿ. ನಾವು 2.5 ಹಾಕಿ, ಬ್ಯಾಟರಿ ಪಕ್ಕದಲ್ಲೇ 5 ಆಂಪಿಯರ್ ಫ್ಯೂಸ್ ಇಟ್ವಿ. ಫ್ಯೂಸ್ ಟಿವಿ ಹತ್ತಿರ ಇಟ್ರೆ, ಗೋಡೆಯೊಳಗೆ ಶಾರ್ಟ್ ಆದಾಗ ಅದು ಕಾಯಲ್ಲ.

*ನೆಲ ಒಂದೇ ಕಡೆ.* ಕ್ಯಾಮೆರಾದ ಜಾಲರಿ ಹಿಂದೆಯೂ ಬಾಡಿಗೆ ತಾಗಿ, ಮುಂದೆಯೂ ತಾಗಿದ್ರೆ, ಬಾಡಿಯಲ್ಲಿ ಹರಿಯೋ ಕರೆಂಟ್ ಚಿತ್ರದೊಳಗೆ ಸೇರತ್ತೆ. ಚಿತ್ರದ ಸಿಗ್ನಲ್ ಇರೋದೇ 0.7 ವೋಲ್ಟ್. 50 ಮಿಲಿವೋಲ್ಟ್ ವ್ಯತ್ಯಾಸ ಅಂದ್ರೆ ಅದರ 7 ಪ್ರತಿಶತ, ಪಟ್ಟಿ ಪಟ್ಟಿಯಾಗಿ ಕಾಣತ್ತೆ.

*ದಾರ.* ಪೈಪ್ ಒಳಗೆ ಕೇಬಲ್ ಜೊತೆ ಒಂದು ಗಟ್ಟಿ ದಾರ ಬಿಟ್ಟಿದ್ದೀವಿ. ನಾಳೆ ಕೇಬಲ್ ಕೆಟ್ರೆ ಗೋಡೆ ಬಿಚ್ಚೋದು ಬೇಡ, ದಾರಕ್ಕೆ ಹೊಸದನ್ನ ಕಟ್ಟಿ ಎಳೆದ್ರೆ ಆಯ್ತು. ನೂಲಿನ ಊರು, ದಾರಕ್ಕೇನು ಬರ!

ಮುಚ್ಚೋ ಮೊದಲು ಪರೀಕ್ಷೆ

ಪ್ಲೈವುಡ್ ಹಾಕದೇ, ಎಂಜಿನ್ ಆನ್ ಮಾಡಿ, ಲೈಟು, ವೈಪರ್, ಹಾರ್ನ್ ಎಲ್ಲಾ ಹಾಕಿ ಚಿತ್ರ ನೋಡಿದ್ವಿ. ಕೆಟ್ಟ ರಸ್ತೆಯಲ್ಲಿ ಒಂದು ಸುತ್ತು ಹೊಡೆದ್ವಿ. ಸ್ಕ್ರೂ ಹೊಡೆದ ಮೇಲೆ ಮತ್ತೊಮ್ಮೆ ಮಲ್ಟಿಮೀಟರ್, ಮತ್ತೊಮ್ಮೆ ಗೋಡೆ ಬಡಿದು ನೋಡಿದ್ವಿ. ಮೊದಲ ಸಲ ನಾನು ಪರೀಕ್ಷೆ ಮಾಡಿದ್ದೆ, ಆದ್ರೆ ನಿಂತ ಗಾಡಿಯಲ್ಲಿ. ಕೇಬಲ್ ಕೆಲಸ ಮಾಡಬೇಕಾಗಿದ್ದು ಓಡೋ ಗಾಡಿಯಲ್ಲಿ.

ಇಷ್ಟೆಲ್ಲಾ ಮಾಡಿದ ಮೇಲೂ ಕೇಬಲ್ ಒಂದು ದಿನ ಕೆಡಬಹುದು. ನೀಲಿ ಸ್ಕ್ರೀನ್ ಆದ್ರೂ ನಿಜ ಹೇಳತ್ತೆ, ನನಗೆ ಕಾಣ್ತಿಲ್ಲ ಅಂತ. ಕೆಲವು ಡಿಜಿಟಲ್ ಸ್ಕ್ರೀನ್ ಸಿಗ್ನಲ್ ನಿಂತಾಗ ಕೊನೆಯ ಚಿತ್ರವನ್ನೇ ಹಿಡ್ಕೊಂಡು ನಿಲ್ಲತ್ತೆ, ಹಿಂದೆ ಯಾರೂ ಇಲ್ಲ ಅಂತ ತೋರಿಸ್ತಾನೇ ಇರತ್ತೆ. ಅದು ಇನ್ನೂ ಅಪಾಯ. ಅದಕ್ಕೇ ಕ್ಯಾಮೆರಾಕ್ಕೆ ಅನಲಾಗ್ ಸಾಕು ಅಂದ್ವಿ, ಮತ್ತೆ ಡ್ಯಾಶ್‌ಬೋರ್ಡ್ ಮೇಲೆ ಒಂದು ಚೀಟಿ ಅಂಟಿಸಿದ್ವಿ: "ಸ್ಕ್ರೀನ್ ಹೋದ್ರ ಗಾಡಿ ನಿಲ್ಲಸು."

ಕ್ಲೀನರ್ ಹುಡುಗ ಈಗ ಮತ್ತೆ ಇಳೀತಾನೆ. ಸ್ಕ್ರೀನ್ ಸರಿ ಇದ್ರೂ ಇಳೀತಾನೆ. ಈ ವರ್ಷ ಗಾಡಿ ಶ್ರೀಶೈಲಕ್ಕೆ ಹೋಗಿ ಬಂತು. ಕೇಬಲ್ ಏನಾಯ್ತು ಅಂತ ಫೋನ್ ಮಾಡಿ ಕೇಳಿದೆ. "ಅದರ ನೆಪ್ಪ ಆಗ್ಲಿಲ್ಲ ನೋಡು" ಅಂದ್ರು ಮಾಮಾ. ಗೋಡೆಯೊಳಗಿನ ಕೇಬಲ್‌ಗೆ ಇದಕ್ಕಿಂತ ಒಳ್ಳೆ ಮಾರ್ಕ್ಸ್ ಸಿಗಲ್ಲ.