ಕಿರುಸಂದೇಶದ ಕಥೆ

ದೂರದವರಿಗೆ ಸುದ್ದಿ ಮುಟ್ಟಿಸಬೇಕೆಂಬ ಹಂಬಲ ಮನುಷ್ಯನಿಗೆ ಬಹು ಹಿಂದಿನದು. ಓಲೆಕಾರನು ನಡೆದು ಮುಟ್ಟಿಸುತ್ತಿದ್ದ ಸುದ್ದಿಯನ್ನು ಮುಂದೆ ತಂತಿ ಹೊತ್ತು ತಂದಿತು. ತಂತಿಯಲ್ಲಿ ಪದಗಳನ್ನು ಎಣಿಸಿ ಹಣ ಪಡೆಯುತ್ತಿದ್ದುದರಿಂದ ಜನರು ಮಾತನ್ನು ತೂಗಿ ಬಳಸುತ್ತಿದ್ದರು. ಮೊಬೈಲ್ ಫೋನಿನ ಕಿರುಸಂದೇಶವೂ ಅದೇ ಮಿತವ್ಯಯವನ್ನು ಬೇರೊಂದು ಬಗೆಯಲ್ಲಿ ಕಲಿಸಿತು.

1980ರ ದಶಕದಲ್ಲಿ ಯುರೋಪಿನ ತಂತ್ರಜ್ಞರು ಡಿಜಿಟಲ್ ಮೊಬೈಲ್ ಜಾಲವನ್ನು ರೂಪಿಸುತ್ತಿದ್ದರು. ಮಾತುಕತೆ ನಡೆಯದಿರುವಾಗಲೂ ಫೋನು ಮತ್ತು ಗೋಪುರಗಳ ನಡುವೆ ಸಂಕೇತಗಳು ಸಂಚರಿಸಲು ಒಂದು ಕಿರುದಾರಿ ಇರುತ್ತದೆ. ಆ ದಾರಿಯಲ್ಲಿ ಚಿಕ್ಕ ಬರಹವನ್ನೂ ಏಕೆ ಕಳುಹಿಸಬಾರದೆಂದು ಅವರು ಯೋಚಿಸಿದರು. ಜರ್ಮನಿಯ ಫ್ರೀಡ್‌ಹೆಲ್ಮ್ ಹಿಲೆಬ್ರಾಂಡ್ ಅವರು 1985ರಲ್ಲಿ ಬೆರಳಚ್ಚು ಯಂತ್ರದಲ್ಲಿ ಬಗೆಬಗೆಯ ವಾಕ್ಯಗಳನ್ನು ಬರೆದು, ಅಕ್ಷರಗಳನ್ನೆಣಿಸಿ, 160 ಸಾಕೆಂದು ಕಂಡುಕೊಂಡರು. 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ನೀಲ್ ಪ್ಯಾಪ್‌ವರ್ತ್ ಅವರು ಕ್ರಿಸ್‌ಮಸ್ ಶುಭಾಶಯದ ಮೊದಲ ಸಂದೇಶವನ್ನು ಗಣಕಯಂತ್ರದಿಂದ ಕಳುಹಿಸಿದರು. ಭಾರತದಲ್ಲಿ ಮೊಬೈಲ್ ಸೇವೆ 1995ರಲ್ಲಿ ಆರಂಭವಾಯಿತು.

ಈ ಸೇವೆಯ ಬೆಲೆಯನ್ನರಿಯಲು ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನು ನೆನೆಯಬಹುದು. ಬಂಡೆಬೆಟ್ಟಗಳ ಮರೆಯಲ್ಲಿ ಗೋಪುರದ ಅಲೆ ಫೋನಿಗೆ ದೊರೆಯದಿದ್ದರೆ ಕರೆ ವ್ಯರ್ಥವಾಗುತ್ತದೆ. ಕಿರುಸಂದೇಶ ಹಾಗಲ್ಲ. ಅದು ಸಂದೇಶ ಕೇಂದ್ರದಲ್ಲಿ ಕಾದಿರುತ್ತದೆ. ಅವಧಿ ಮೀರುವ ಮುನ್ನ ಫೋನು ಅಲೆಯ ವ್ಯಾಪ್ತಿಗೆ ಬಂದರೆ ಅದನ್ನು ತಲಪುತ್ತದೆ.

ಆದರೆ ಕನ್ನಡಕ್ಕೆ ಇಲ್ಲಿ ಒಂದು ತೊಡಕಿತ್ತು. ಒಂದು ಸಂದೇಶಕ್ಕೆ ದೊರೆಯುವ ಸ್ಥಳ 1120 ಬಿಟ್. ಬಿಟ್ ಎಂದರೆ ಸೊನ್ನೆ ಅಥವಾ ಒಂದು ಎಂಬ ಅತಿ ಚಿಕ್ಕ ಗುರುತು. ರೋಮನ್ ಅಕ್ಷರಕ್ಕೆ 7 ಬಿಟ್ ಸಾಕಾದುದರಿಂದ 160 ಅಕ್ಷರಗಳು ಹಿಡಿಸಿದವು. ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 16 ಬಿಟ್ ಬೇಕು. ಹಿಡಿಸುವುದು 70 ಮಾತ್ರ. ವ್ಯಂಜನಕ್ಕೆ ಸೇರುವ ಸ್ವರಚಿಹ್ನೆಯೂ ಬೇರೆಯಾಗಿಯೇ ಎಣಿಕೆಯಾಗುತ್ತದೆ. ‘ಮಧುಗಿರಿ’ ಎಂಬಲ್ಲಿ ಕಣ್ಣಿಗೆ ಕಾಣುವುದು 4 ಅಕ್ಷರ. ಯಂತ್ರದ ಲೆಕ್ಕದಲ್ಲಿ ಅದು 7. ನಾಲ್ಕು ತಾಲ್ಲೂಕುಗಳ ಹೆಸರನ್ನು ನಡುವೆ ತೆರಪು ಬಿಟ್ಟು ಬರೆದರೆ 27 ಆಗುತ್ತದೆ; ಸಂದೇಶದ ಮೂರನೆಯ ಒಂದು ಪಾಲಿಗೂ ಹೆಚ್ಚು ತುಂಬಿಹೋಗುತ್ತದೆ. ಅಲ್ಲದೆ, ಆಗಿನ ಅನೇಕ ಫೋನುಗಳಲ್ಲಿ ಕನ್ನಡ ಲಿಪಿ ಮೂಡುತ್ತಲೇ ಇರಲಿಲ್ಲ. ಆದಕಾರಣ ಬಹಳ ಮಂದಿ ಕನ್ನಡದ ಮಾತನ್ನು ರೋಮನ್ ಲಿಪಿಯಲ್ಲಿ ಬರೆದರು. ಕನ್ನಡವನ್ನಷ್ಟೇ ಓದಬಲ್ಲ ತಾಯಿಗೆ, ಮಗನು ಕನ್ನಡದಲ್ಲೇ ನುಡಿದ ಮಾತನ್ನು ಮತ್ತೊಬ್ಬರಿಂದ ಓದಿಸಿಕೊಳ್ಳಬೇಕಾದ ಪರಿಸ್ಥಿತಿ ಒದಗಿತು.

ಮುಂದೆ ಜಿ.ಪಿ.ಆರ್.ಎಸ್. ಎಂಬ ಸೇವೆ ಬಂದಿತು. ಮಾಹಿತಿಯನ್ನು ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಒಡೆದು ಕಳುಹಿಸುವ ಈ ಪದ್ಧತಿಯಲ್ಲಿ ಒಂದೇ ದಾರಿಯನ್ನು ಹಲವರು ಹಂಚಿಕೊಳ್ಳಬಹುದು. ಸಮಯಕ್ಕೆ ಬದಲು ಮಾಹಿತಿಯ ಪ್ರಮಾಣಕ್ಕೆ ಹಣ ಕೊಡಬಹುದು.

ಸಂದೇಶದ ವೇಗ ಹಿತವನ್ನಷ್ಟೇ ತರಲಿಲ್ಲ. 2012ರ ಆಗಸ್ಟ್ ತಿಂಗಳಲ್ಲಿ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರನ್ನು ತೊರೆದರು. ಆಗ ಕೇಂದ್ರ ಸರ್ಕಾರವು ದಿನಕ್ಕೆ 5 ಸಂದೇಶಗಳ ಮಿತಿಯನ್ನು ಕೆಲಕಾಲ ವಿಧಿಸಬೇಕಾಯಿತು. ಮರುವರ್ಷದ ಜುಲೈ ತಿಂಗಳಲ್ಲಿ ತಂತಿ ಸೇವೆಯೇ ನಿಂತುಹೋಯಿತು.

ಇಂದು ಫೋನುಗಳಲ್ಲಿ ಕನ್ನಡ ಸಲೀಸಾಗಿ ಮೂಡುತ್ತದೆ. ಯಂತ್ರದ ತೊಡಕು ಕಳೆದ ಮೇಲೆ ಉಳಿದಿರುವುದು ಬರೆಯುವವರ ಹೊಣೆ: ಸತ್ಯವನ್ನೇ ಬರೆಯಬೇಕು, ಓದುವವರು ಅರಿಯುವ ಲಿಪಿಯಲ್ಲಿ ಬರೆಯಬೇಕು.